ನಡುವಿನ ಗೆರೆ

ತಮ್ಮಣ್ಣ ನನ್ನ ಶೆಡ್ಡಿಗೆ ಬಂದು ಹದಿನೇಳರ ಪಾನಾ ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಅವನು ಪಾನಾ ಹಿಡಿದು ಬೋಲ್ಟ್ ತಿರುಗಿಸುವವರ ಪೈಕಿಯಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಗಲ್ಲಿಯ ಈ ಕಡೆ ನನ್ನ ಲೇಥ್ ಶೆಡ್ಡು, ಆ ಕಡೆ ಅವನ ಪ್ರೆಸ್ ಶೆಡ್ಡು. ತಗಡಿನ ತುಂಡನ್ನು ಕೈಯಿಂದ ಅಚ್ಚಿನ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ, ಮೇಲಿನ ಅಚ್ಚು ಧಡ್ ಎಂದು ಇಳಿದು ಪಂಪಿನ ಬಿಡಿಭಾಗ ತಯಾರಾಗುತ್ತದೆ. ಎಂಟು ಮನೆಗಳ ಒಲೆ ಆ ಶೆಡ್ಡಿನಿಂದ ಉರಿಯುತ್ತದೆ.

"ಪಾನಾ ಯಾಕೋ ತಮ್ಮಣ್ಣ?"

"ಪ್ರೆಸ್ಸಿಗೆ ಗಾರ್ಡ್ ಕುಂದ್ರಸಬೇಕು ಯಲ್ಲೇಶಣ್ಣ. ನಾಳಿ ಆಡಿಟ್ ಐತಿ."

ಗಾರ್ಡ್ ಎಂದರೆ ಪ್ರೆಸ್ಸಿನ ಬಾಯಿಗೆ ಅಡ್ಡ ಇರುವ ಕಬ್ಬಿಣದ ಜಾಲರಿ ಬಾಗಿಲು. ಅದು ಮುಚ್ಚಿದ್ದರೆ ಕೈ ಒಳಗೆ ಹೋಗುವುದಿಲ್ಲ. ತೆರೆದಿದ್ದರೆ ಅಚ್ಚು ಕೆಳಗೆ ಇಳಿಯುವುದಿಲ್ಲ. ತಮ್ಮಣ್ಣನ ಗಾರ್ಡು ಮೂರು ವರ್ಷದಿಂದ ಅಟ್ಟದ ಮೇಲೆ ಆರಾಮಾಗಿ ಮಲಗಿತ್ತು.

"ಇವತ್ತ ಕೆಳಗ ಇಳಸ್ತಿ, ನಾಡದ ಮತ್ತ ಮ್ಯಾಲ ಏರಸ್ತಿ. ಹೌದಿಲ್ಲೊ?" ಎಂದೆ.

"ಮತ್ತ? ಅದನ್ನ ಹಾಕ್ಕೊಂಡು ಕುಂತ್ರ ತಾಸಿಗೆ ನೂರು ಪೀಸ್ ಕಡಿಮಿ ಬೀಳ್ತಾವ. ಪುಣೆಯ ಕಂಪನಿಯವರು ಸುರಕ್ಷತಾ ಸರ್ಟಿಫಿಕೇಟ್ ಇಲ್ದ ಆರ್ಡರ್ ಕೊಡೂದಿಲ್ಲ ಅಂದಾರ. ಗೋಡಿಗೆ ತೂಗಹಾಕಾಕ ಒಂದು ಕಾಗದಾ ಬೇಕು, ಅಷ್ಟ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನು ನಕ್ಕು ಪಾನಾ ಕೊಟ್ಟೆ. ಬುದ್ಧಿ ಹೇಳಲಿಲ್ಲ. ಹೇಳಲು ನನಗೆ ಬಾಯಿಯೂ ಇರಲಿಲ್ಲ, ಏಕೆಂದರೆ ನನ್ನ ಲೇಥಿನ ಮುಚ್ಚಳವೂ ಮೂಲೆಯಲ್ಲಿ ಬಿದ್ದಿತ್ತು.

ಮರುದಿನ ತಮ್ಮಣ್ಣ ನನ್ನನ್ನೂ ಕರೆದುಕೊಂಡು ಹೋದ. "ಆಡಿಟ್ ಮೇಡಂ ಇಂಗ್ಲಿಷಿನ್ಯಾಗ ಹೊಡದ್ರ ಬಾಜೂಕ ನೀ ಇರು" ಎಂದಿದ್ದ. ನನ್ನ ಇಂಗ್ಲಿಷು ನಟ್ಟು ಬೋಲ್ಟಿಗೆ ಮುಗಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬಂದವಳು ಪೂರ್ಣಿಮಾ ಎಂಬ ಹುಡುಗಿ, ಬೆಳಗಾವಿಯವಳೇ. "ಚಹಾ ಆಮ್ಯಾಲ ಕುಡಿಯೂಣು ಕಾಕಾ, ಮೊದಲ ಕೆಲಸಾ ತೋರಸ್ರಿ" ಎಂದಳು.

ಎಲ್ಲ ಫಳಫಳ ಹೊಳೆಯುತ್ತಿತ್ತು. ಕೈಗವಸುಗಳ ಮಡಿಕೆ ಕೂಡ ಬಿಚ್ಚಿರಲಿಲ್ಲ. ಔಷಧಿ ಡಬ್ಬಿಗೆ ಬೀಗವಿತ್ತು, ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಪೂರ್ಣಿಮಾ ಎಲ್ಲ ಬರೆದುಕೊಂಡಳು. ಕೊನೆಗೆ ಪ್ರೆಸ್ಸಿನ ಹತ್ತಿರ ಬಂದು ಗಾರ್ಡಿನ ಹಿಡಿಕೆಯನ್ನು ಬಾಗಿ ನೋಡಿದಳು. ಅದರ ಮೇಲೆ ವಿಭೂತಿ ಇತ್ತು.

"ಈ ಪೂಜಿ ಯಾವಾಗ ಮಾಡಿದ್ದು ಕಾಕಾ?"

ತಮ್ಮಣ್ಣ ಎದೆ ಉಬ್ಬಿಸಿದ. "ದಸರಾದಾಗ್ರಿ, ಖಂಡೇ ಪೂಜಿಗೆ. ನಮ್ಮಲ್ಲಿ ಒಂದ ಒಂದು ಸಾಮಾನಿಗೂ ವಿಭೂತಿ ತಪ್ಪಸೂದಿಲ್ರಿ."

"ದಸರಾ ಆಗಿ ಮೂರು ತಿಂಗಳ ದಾಟೇತಿ. ದಿನಕ್ಕ ಸಾವಿರ ಸಲ ಕೈ ತಾಗೂ ಹಿಡಿಕಿ ಇದು. ಇದರ ಮ್ಯಾಲ ವಿಭೂತಿ ಹೆಂಗ ಉಳೀತು?"

ಪ್ರೆಸ್ಸಿನ ಮುಂದೆ ಕುಳಿತಿದ್ದ ಸತ್ಯಪ್ಪ ತಲೆ ತಗ್ಗಿಸಿದ. ಪೂರ್ಣಿಮಾಳ ಕಣ್ಣು ಹಿಡಿಕೆಯ ಮೇಲೇ ಇತ್ತು.

"ಇನ್ನೊಂದು ಕೇಳ್ತೇನಿ, ತಪ್ಪು ತಿಳಕೋಬ್ಯಾಡ್ರಿ. ನಮ್ಮಲ್ಲಿ ಮೂರು ಬೆರಳಿಂದ ಮೂರು ಗೆರಿ ಎಳೀತಾರ. ಇಲ್ಲಿ ಮ್ಯಾಲೊಂದು ಐತಿ, ಕೆಳಗೊಂದು ಐತಿ. ನಡುವಿನ ಗೆರಿ ಎಲ್ಲೈತ್ರಿ?"

ನಾನೂ ಬಗ್ಗಿ ನೋಡಿದೆ. ಎರಡು ಗೆರೆಗಳ ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ ಇತ್ತು. ಅಷ್ಟರಲ್ಲಿ ಹಿಂದೆ ಪ್ಯಾಕಿಂಗ್ ಮೇಜಿನ ಹತ್ತಿರ ನಿಂತಿದ್ದ ರಾಯಪ್ಪ ಮುಂದೆ ಬಂದು ಬಲಗೈ ಚಾಚಿದ. ಅವನ ನಡುಬೆರಳು ಬುಡದಲ್ಲೇ ಮುಗಿದಿತ್ತು.

"ನಾ ಹಚ್ಚಿದ್ದುರಿ ಅವ್ವಾರ. ನಡುವಿಂದು ಈ ಪ್ರೆಸ್ಸ ತಿಂದೈತಿ."

ಶೆಡ್ಡಿನ ಹಿರಿಯ ಕೆಲಸಗಾರ ರಾಯಪ್ಪ. ಮೂರು ವರ್ಷದ ಹಿಂದೆ ಅವನ ಬೆರಳು ಹೋದ ವಾರವೇ ತಮ್ಮಣ್ಣ ಹೆದರಿ ಆ ಗಾರ್ಡ್ ತಂದಿದ್ದ. ಒಂದು ತಿಂಗಳು ಹಾಕಿ, ಪೀಸು ಕಡಿಮೆಯಾಯಿತೆಂದು ಅಟ್ಟಕ್ಕೆ ಏರಿಸಿದ. ರಾಯಪ್ಪನನ್ನು ಪ್ಯಾಕಿಂಗಿಗೆ ಹಾಕಿದ. ಹಿರಿಯನೆಂದು ಪ್ರತಿ ದಸರೆಗೆ ಪೂಜೆಯನ್ನು ಅವನಿಂದಲೇ ಮಾಡಿಸುತ್ತಿದ್ದ, ಆ ದಿನ ಮಾತ್ರ ಗಾರ್ಡನ್ನೂ ಅಟ್ಟದಿಂದ ಇಳಿಸಿ ಪೂಜೆಗೆ ಇಡುತ್ತಿದ್ದರು. ಮೂರು ದಸರೆ ಆ ಎರಡು ಗೆರೆಗಳಿಗೆ ಕೈ ಮುಗಿದರೂ ನಡುವಿನ ಖಾಲಿ ಜಾಗ ತಮ್ಮಣ್ಣನ ಕಣ್ಣಿಗೆ ಬಿದ್ದಿರಲಿಲ್ಲ.

ಪೂರ್ಣಿಮಾ ಪುಸ್ತಕ ಮುಚ್ಚಿದಳು. "ಇವತ್ತ ಸಹಿ ಹಾಕಾಕ ಆಗೂದಿಲ್ಲ ಕಾಕಾ. ಸರ್ಟಿಫಿಕೇಟ್ ಅಂದ್ರ ಗೋಡಿ ಮ್ಯಾಲಿನ ಕಾಗದಾ ಅಲ್ಲ. ನಾ ಇಲ್ಲದ ದಿನಾನೂ ನೀವು ಹಿಂಗ ಕೆಲಸಾ ಮಾಡ್ತೀರಿ ಅಂತ ನಾ ಕೊಡೂ ಜಾಮೀನು ಅದು. ಮೂರು ತಿಂಗಳ ಬಿಟ್ಟು ಬರ್ತೇನಿ. ಅಷ್ಟೊತ್ತಿಗೆ ಈ ಹಿಡಿಕಿ ಬಣ್ಣ ಕೈ ತಾಗಿ ಸವದಿರಬೇಕು."

ಅವಳು ಗಲ್ಲಿ ದಾಟುವ ಮುಂಚೆಯೇ ತಮ್ಮಣ್ಣ ರಾಯಪ್ಪನ ಮೇಲೆ ಹರಿಹಾಯ್ದ. "ಉಂಡ ಮನಿ ಜಂತಿ ಎಣಿಸಿದಿ! ಕೈ ಹಿಂದ ಇಟ್ಕೊಂಡು ನಿಂತಿದ್ರ ಏನಾಗತಿತ್ತು?" ರಾಯಪ್ಪ ತನ್ನ ಊಟದ ಡಬ್ಬಿ ತೆಗೆದುಕೊಂಡು ಹೋದ. ಎರಡು ದಿನ ಅವನೂ ಬರಲಿಲ್ಲ, ಸತ್ಯಪ್ಪನೂ ಬರಲಿಲ್ಲ. ಸತ್ಯಪ್ಪ ರಾಯಪ್ಪನ ಅಳಿಯ. ಇಬ್ಬರೂ ಖಾನಾಪುರದಿಂದ ಒಂದೇ ಬಸ್ಸಿಗೆ ಬರುತ್ತಿದ್ದರು.

ಮೂರನೆಯ ದಿನ ತಮ್ಮಣ್ಣನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಖಾನಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಅವನು ಗೊಣಗುತ್ತಲೇ ಇದ್ದ. ರಾಯಪ್ಪನ ಮನೆಯ ಹೊಸ್ತಿಲಲ್ಲಿ ಅವನ ಗೊಣಗಾಟ ನಿಂತಿತು. ರಾಯಪ್ಪ ಜಳಕ ಮಾಡಿ ಮಣೆಯ ಮೇಲೆ ಕುಳಿತಿದ್ದ. ಅವನ ಹೆಂಡತಿ ಬಸವಣ್ಣೆವ್ವ ಎದುರಿಗೆ ಕುಳಿತು ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

"ಬರ್ರಿ, ಕುಂದರ್ರಿ" ಎಂದು ಅವಳು ಎದ್ದಳು. ತಮ್ಮಣ್ಣ ಹಣೆಯನ್ನೇ ನೋಡುತ್ತಿರುವುದು ಅವಳಿಗೆ ತಿಳಿಯಿತು. "ಮೂರು ವರ್ಷಾತ್ರಿ ಸಾವ್ಕಾರ್ರ. ಇವರು ತಾವ ಹಚ್ಕೊಂಡ್ರ ನಡುವ ಖಾಲಿ ಉಳೀತೈತಿ, ಮಂದಿ ಕೇಳ್ತಾರ. ಅದಕ್ಕ ನಾನ ಹಚ್ಚತೇನಿ."

ತಮ್ಮಣ್ಣ ಕಂಬಕ್ಕೆ ಒರಗಿ ಕುಳಿತ. "ರಾಯಪ್ಪ ಕಾಕಾ, ಇಷ್ಟು ದಿನಾ ಯಾಕ ಒಂದು ಮಾತು ಹೇಳ್ಲಿಲ್ಲ?" ಎಂದು ಕೇಳಿದ.

"ಹೇಳಿದ್ರ ಕೆಲಸಾ ಹೋದೀತು ಅಂತ ಅಂಜಿದ್ನಿರಿ. ನಂದು ಹೋತು, ಹೋಗ್ಲಿ. ಈಗ ಆ ಪ್ರೆಸ್ಸಿಗೆ ಅಳಿಯಾ ಕುಂದರ್ತಾನ. ದಿನಾ ಸಂಜಿಕ ಬಸ್ಸಿನ್ಯಾಗ ಅವನ ಬಾಜೂಕ ಕುಂತು ಅವನ ಬೆರಳು ಎಣಸ್ತೇನ್ರಿ. ಹತ್ತೂ ಇದ್ರ ಆ ದಿನಾ ಊಟಾ ಸೇರ್ತೈತಿ."

ತಮ್ಮಣ್ಣನ ಕಣ್ಣು ತುಂಬಿದವು. ನನಗೆ ಆ ಹದಿನೇಳರ ಪಾನಾ ನೆನಪಾಯಿತು. ಗಾರ್ಡ್ ಬಿಚ್ಚಲು ಕೊಟ್ಟಿದ್ದರೂ ಅದೇ ಪಾನಾ, ಹಾಕಲು ಕೊಟ್ಟಿದ್ದರೂ ಅದೇ ಪಾನಾ. ಬಿಚ್ಚುತ್ತಾನೆಂದು ಗೊತ್ತಿದ್ದೂ ನಾನು ನಕ್ಕು ಕೊಟ್ಟಿದ್ದೆ.

"ತಪ್ಪಾತು ಕಾಕಾ. ಇನ್ನ ಆ ಜಾಲರಿ ಬಿಚ್ಚೂದಿಲ್ಲ. ಪೀಸ್ ಕಡಿಮಿ ಬಂದ್ರ ಬರ್ಲಿ."

"ಕಡಿಮಿ ಯಾಕ ಬರ್ತಾವ್ರಿ?" ರಾಯಪ್ಪ ಮಣೆಯಿಂದ ಮುಂದೆ ಬಾಗಿದ. "ಬಾಜೂಕ ಒಂದು ಇಳಿಜಾರು ತಗಡು ಹಚ್ಚೂಣು. ಜಾಲರಿ ತೆರದ ಕೂಡ್ಲೆ ಪೀಸ್ ತಾನ ಜಾರಿ ಅಚ್ಚಿನ ಮ್ಯಾಲ ಕುಂದರ್ತೈತಿ, ಕೈ ಒಳಗ ಹಾಕೂದ ಬ್ಯಾಡ. ಪ್ಯಾಕಿಂಗ್ ಮಾಡ್ಕೋತ ಮೂರು ವರ್ಷ ಇದನ್ನ ವಿಚಾರ ಮಾಡೇನಿ. ಯಾರೂ ಕೇಳ್ಲಿಲ್ಲ."

ಆ ತಗಡನ್ನು ನಾನೇ ಮಾಡಿಕೊಟ್ಟೆ. ಮೊದಲ ವಾರ ಪೀಸು ಕಡಿಮೆ ಬಂದವು, ತಮ್ಮಣ್ಣನ ಮುಖ ಹುಳ್ಳಗಾಗಿತ್ತು. ಮೂರನೆಯ ವಾರಕ್ಕೆ ಲೆಕ್ಕ ಮೊದಲಿನಷ್ಟೇ ಆಯಿತು. ದಿನಾ ಬೆಳಗ್ಗೆ ರಾಯಪ್ಪ ಗಾರ್ಡ್ ತೆರೆದು ಪೆಡಲ್ ಒತ್ತಿ ನೋಡುತ್ತಾನೆ. ಅಚ್ಚು ಇಳಿಯದಿದ್ದರೆ ಮಾತ್ರ ಕೆಲಸ ಶುರು. ಬಾಗಿಲ ಬಳಿ ಒಂದು ವಹಿ ತೂಗುಬಿಟ್ಟರು. ಕಾಲು ಜಾರಿತು, ತಂತಿ ಬಿಸಿಯಾಯಿತು, ಹೀಗೆ ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಅದರಲ್ಲಿ ಬರೆಯಬೇಕು. ಬರೆದವನನ್ನು ಬಯ್ಯಬಾರದು, ಇದು ತಮ್ಮಣ್ಣನೇ ಮಾಡಿದ ನಿಯಮ. ಔಷಧಿ ಡಬ್ಬಿಯ ಬೀಗ ಮುರಿದು ಎಸೆದರು.

ಏಪ್ರಿಲ್ ಕೊನೆಗೆ ಪೂರ್ಣಿಮಾ ಬಂದಳು. ಹಿಡಿಕೆಯ ಬಣ್ಣ ಸವೆದು ಕಬ್ಬಿಣ ಕಾಣುತ್ತಿತ್ತು. ಅದರ ಮೇಲೆ ಬೆರಳಾಡಿಸಿ, ವಹಿಯ ಹಾಳೆಗಳನ್ನೆಲ್ಲ ಓದಿ, ಸಹಿ ಹಾಕಿ, "ಈಗ ಚಹಾ ಕೊಡ್ರಿ ಕಾಕಾ" ಎಂದಳು.

ಆ ವರ್ಷದ ಖಂಡೇ ಪೂಜೆಗೂ ರಾಯಪ್ಪನೇ ವಿಭೂತಿ ಹಚ್ಚಿದ. ಗಾರ್ಡಿನ ಹಿಡಿಕೆಯ ಮೇಲೆ ಎರಡು ಗೆರೆ ಮೂಡಿದವು. ತಮ್ಮಣ್ಣ ಮುಂದೆ ಬಂದು, ತನ್ನ ಬೆರಳಿಗೆ ವಿಭೂತಿ ಹಚ್ಚಿಕೊಂಡು, ನಡುವಿನ ಗೆರೆ ಎಳೆದ. ಬನ್ನಿ ಹಬ್ಬ ಮುಗಿದು ಕೆಲಸ ಶುರುವಾದ ದಿನ ಮಧ್ಯಾಹ್ನದೊಳಗೆ ಮೂರೂ ಗೆರೆಗಳು ಸತ್ಯಪ್ಪನ ಕೈಗೆ ಹತ್ತಿ ಅಳಿಸಿಹೋಗಿದ್ದವು. ಅದನ್ನು ನೋಡಿ ರಾಯಪ್ಪ ನಕ್ಕ. ಅಂದು ಸಂಜೆ ಬಸ್ಸಿನಲ್ಲಿ ಅವನು ಬೆರಳು ಎಣಿಸಲಿಲ್ಲವಂತೆ, ಖಾನಾಪುರದವರೆಗೂ ನಿದ್ದೆ ಮಾಡಿದನಂತೆ. ಸತ್ಯಪ್ಪನೇ ನನಗೆ ಹೇಳಿದ.

ಸಣ್ಣ ಶೆಡ್ಡು ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನನ್ನ ಲೇಥಿನ ಮುಚ್ಚಳ ಈಗ ಮೂಲೆಯಲ್ಲಿಲ್ಲ, ಲೇಥಿನ ಮೇಲಿದೆ. ನೀವೂ ನಾಳೆ ಬೆಳಗ್ಗೆ ಏಣಿ ಹಾಕಿ ನಿಮ್ಮ ಅಟ್ಟ ನೋಡಿ. ಅಲ್ಲಿ ಧೂಳು ಹಿಡಿದು ಮಲಗಿರುವುದನ್ನು ಇಳಿಸಿ ಯಂತ್ರಕ್ಕೆ ಹಾಕಿ. ಅದನ್ನು ಹಾಕಿಕೊಂಡು ಸಲೀಸಾಗಿ ಕೆಲಸ ಮಾಡುವುದು ಹೇಗೆಂದು, ಆ ಯಂತ್ರದ ಮುಂದೆ ಕೂರುವವರನ್ನೇ ಕೇಳಿ. ಆಮೇಲೆ ಆಡಿಟ್‌ನವರನ್ನು ಕರೆಯಿರಿ. ಪಾನಾ ಇಲ್ಲದಿದ್ದರೆ ನನ್ನ ಶೆಡ್ಡಿಗೆ ಬನ್ನಿ, ಕೊಡುತ್ತೇನೆ. ಗಾರ್ಡ್ ಬಿಚ್ಚಲು ಮಾತ್ರ ಕೇಳಬೇಡಿ.