ಗೇಟಿನ ಹೊರಗೆ ಊಟ

ಆಸ್ಟಿನ್‌ನಿಂದ ಡಲ್ಲಾಸ್‌ವರೆಗೆ ಅನನ್ಯಾ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದಳು. ಭೀಮಸೇನ ದಾರಿಯಲ್ಲಿ ಒಂದೆರಡು ಸಲ ಏನೋ ಕೇಳಿದ. ಅವಳು ಹೆಡ್‌ಫೋನ್ ತೆಗೆದು "ವಾಟ್?" ಎಂದಳು. ಮತ್ತೆ ಕೇಳುವಷ್ಟು ಮುಖ್ಯವಾದ ಪ್ರಶ್ನೆಯಲ್ಲ ಎನಿಸಿ ಅವನು ಕಾರು ಓಡಿಸುತ್ತ ಹೋದ.

ಮಗಳಿಗೆ ಒಂಬತ್ತು ವರ್ಷ. ಡೈವೋರ್ಸ್ ಆಗಿ ಎರಡು ವರ್ಷ. ಹೆಂಡತಿಯಾಗಿದ್ದ ಶ್ರಾವಣಿ ಮಗಳೊಂದಿಗೆ ಆಸ್ಟಿನ್‌ನಲ್ಲೇ ಉಳಿದಿದ್ದಳು. ಅವನು ಹ್ಯೂಸ್ಟನ್‌ನ ಆಚೆ, ದ ವುಡ್‌ಲ್ಯಾಂಡ್ಸ್‌ನ ಒಂದು ಎನರ್ಜಿ ಕಂಪನಿಗೆ ಸೇರಿದ್ದ. ತಿಂಗಳಿಗೆ ಎರಡು ವೀಕೆಂಡ್ ಮಗಳು ಅವನ ಪಾಲು. ಬೇಸಿಗೆ ರಜೆಯ ಒಂದು ತಿಂಗಳೂ ಅವನದೇ ಎಂದು ಕೋರ್ಟು ಹೇಳಿತ್ತು. ಹೋದ ಬೇಸಿಗೆಯಲ್ಲಿ ಆ ತಿಂಗಳ ಮೊದಲ ವಾರವೂ ಮುಗಿಯಲಿಲ್ಲ. ಅನನ್ಯಾ ಅತ್ತು, ಊಟ ಬಿಟ್ಟು, ಆಸ್ಟಿನ್‌ಗೆ ವಾಪಸಾದಳು. ಈ ಸಲ ಶ್ರಾವಣಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: ಅವಳಾಗಿಯೇ ಬರುತ್ತೇನೆ ಎಂದರೆ ಕಳಿಸುತ್ತೇನೆ, ಎಳೆದುಕೊಂಡು ಹೋಗುವುದು ಬೇಡ. ಅದು ಸರಿಯೆಂದೇ ಅವನಿಗೂ ಅನಿಸಿತು. ಭಾನುವಾರ ಸಂಜೆ ಮಗಳನ್ನು ಬಿಡುವಾಗ ಅವಳ ಉತ್ತರ ಗೊತ್ತಾಗಬೇಕಿತ್ತು. ಶನಿವಾರ ಡಲ್ಲಾಸ್‌ನ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದೊಯ್ಯುವುದು ಅದಕ್ಕಾಗಿ.

ಶುಕ್ರವಾರ ರಾತ್ರಿ ಉಳಿದದ್ದು ಡಲ್ಲಾಸ್‌ನಲ್ಲಿ, ವಾಸುದೇವನ ಮನೆಯಲ್ಲಿ. ವಾಸುದೇವ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಅವನ ರೂಮ್‌ಮೇಟ್ ಆಗಿದ್ದವನು. ಹೆಂಡತಿ ಸರೋಜಾ ಮೈಸೂರಿನವಳು. ಬೆಳಿಗ್ಗೆ ಅವಳು ಎದ್ದು ಬರುವ ಹೊತ್ತಿಗೆ ಭೀಮಸೇನ ಅವಳ ಅಡಿಗೆಮನೆ ಹಿಡಿದಿದ್ದ. ಎಣ್ಣೆಗಾಯಿಗೆ ಬದನೆಕಾಯಿ ಸೀಳಿಟ್ಟು ಶೇಂಗಾ ಹುರಿಯುತ್ತಿದ್ದ. ಚಪಾತಿ ಹಿಟ್ಟು ನಾದಿಟ್ಟಿದ್ದ. ಹಿಂದಿನ ವಾರವೇ ಕುಟ್ಟಿದ ಶೇಂಗಾ ಚಟ್ನಿಪುಡಿಯನ್ನು ಹ್ಯೂಸ್ಟನ್‌ನಿಂದ ತಂದಿದ್ದ. ಶ್ರಾವಣಿಯ ಜೊತೆ ಇದ್ದಷ್ಟು ದಿನ ಅವನಿಗೆ ಚಹಾ ಬಿಟ್ಟು ಬೇರೇನೂ ಮಾಡಲು ಬರುತ್ತಿರಲಿಲ್ಲ. ಧಾರವಾಡದ ಅಡಿಗೆಯನ್ನು ಅವನು ಕಲಿತದ್ದು ದ ವುಡ್‌ಲ್ಯಾಂಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿ, ಒಬ್ಬನೇ ಆದ ಮೇಲೆ.

"ಲೇ ಭೀಮ್ಯಾ, ಅಲ್ಲಿ ಪಿಜ್ಜಾ ಸಿಗತದಲೇ," ಎಂದ ವಾಸುದೇವ. "ಹುಡುಗಿ ತಿಂದು ಖುಷಿ ಇರ್ತಾಳ. ನೀ ಯಾಕ ಬದನಿಕಾಯಿ ಸೀಳಕೋತ ನಿಂತಿ?"

"ಪಿಜ್ಜಾ ಅವ್ರ ಅಮ್ಮನೂ ಕೊಡಸ್ತಾಳ."

ಸರೋಜಾ ಕಾಫಿ ಕೊಟ್ಟು, ಹೊರಗಿನ ಊಟವನ್ನು ಪಾರ್ಕಿನ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ಬ್ಯಾಗು ಬಿಚ್ಚಿಸಿ ನೋಡುತ್ತಾರೆ ಎಂದು ಎಚ್ಚರಿಸಿದಳು. ಬಿಡುವುದು ಕೈಗೂಸಿನ ಆಹಾರ ಮತ್ತು ಕಾಯಿಲೆಯವರ ಪಥ್ಯ ಮಾತ್ರ.

"ಅಲರ್ಜಿ ಅಂತ ಹೇಳಿಬಿಡಿ ಭೀಮಸೇನ್ ಅವರೇ. ನಾವೆಲ್ಲ ಹಾಗೇ ಮಾಡೋದು. ಹೋದ್ಸಲ ಇವರನ್ನ ಶುಗರ್ ಪೇಷಂಟ್ ಮಾಡಿ ಪುಳಿಯೋಗರೆ ತಗೊಂಡು ಹೋಗಿದ್ವಿ."

"ಆಮ್ಯಾಲೆ ಒಳಗ ಐಸ್‌ಕ್ರೀಮ್ ತಿನ್ನಲಿಕ್ಕೂ ಬಿಡಲಿಲ್ಲ ಈಕಿ," ಎಂದ ವಾಸುದೇವ. "ಗೇಟಿನಾಕಿ ನೋಡಿದ್ರ ಅಂತ."

ಅನನ್ಯಾ ಡೈನಿಂಗ್ ಟೇಬಲಿನಲ್ಲಿ ಸೀರಿಯಲ್ ತಿನ್ನುತ್ತ ಎಲ್ಲವನ್ನೂ ಕೇಳುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಪಾರ್ಕು ಡಲ್ಲಾಸಿನ ಅಂಚಿನಲ್ಲಿತ್ತು. ಮೇ ತಿಂಗಳ ಬಿಸಿಲು ಆಗಲೇ ಏರಿತ್ತು. ಪಾರ್ಕಿಂಗ್ ಜಾಗ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಭೀಮಸೇನ ಡಬ್ಬಿಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡ. ದೂರದಲ್ಲಿ ರೋಲರ್ ಕೋಸ್ಟರ್ ಏರಿ ಇಳಿಯುವಾಗ ಜನ ಕೂಗುವುದು ಕೇಳುತ್ತಿತ್ತು. ಅನನ್ಯಾ ಮೊದಲ ಸಲ ನಕ್ಕಳು. ಎರಡು ಹೆಜ್ಜೆ ಮುಂದೆ ಓಡಿ, ನಿಂತು, ಅವನಿಗಾಗಿ ಕಾದಳು. ಈ ಒಂದು ದಿನ ಹೀಗೇ ಹೋದರೆ ಸಾಕು, ಸಂಜೆ ಕೇಳಬಹುದು ಎಂದುಕೊಂಡ.

ಗೇಟಿನಲ್ಲಿ ಬ್ಯಾಗು ನೋಡುತ್ತಿದ್ದವಳು ಐವತ್ತು ದಾಟಿದ ಕರಿಯ ಹೆಂಗಸು. ಕೈಯಲ್ಲಿ ಸಣ್ಣ ಕೋಲು, ಸೊಂಟದಲ್ಲಿ ವಾಕಿಟಾಕಿ. ಚೀಲದ ಬಾಯಿಯನ್ನು ಕೋಲಿನಿಂದ ಅಗಲಿಸಿ ಡಬ್ಬಿಗಳನ್ನು ಕಂಡು, ಹೊರಗಿನ ಊಟ ಒಳಗೆ ಬಿಡುವುದಿಲ್ಲ ಸರ್ ಎಂದಳು. ಭೀಮಸೇನ ಮಗಳ ತಲೆಯ ಮೇಲೆ ಕೈ ಇಟ್ಟು, ಇವಳಿಗೆ ಅಲರ್ಜಿ, ಹೊರಗಿನದು ತಿನ್ನುವಂತಿಲ್ಲ ಎಂದ.

ಯಾವುದರ ಅಲರ್ಜಿ ಎಂದು ಅವಳು ಕೇಳಿದಳು.

ಇದನ್ನು ಸರೋಜಾ ಹೇಳಿಕೊಟ್ಟಿರಲಿಲ್ಲ. ಭೀಮಸೇನನಿಗೆ ಗೊತ್ತಿದ್ದದ್ದು ಒಂದೇ ಅಲರ್ಜಿ. ಅನನ್ಯಾಳ ಕ್ಲಾಸಿನಲ್ಲಿ ಯಾವುದೋ ಹುಡುಗನಿಗೆ ಇದ್ದದ್ದು, ವರ್ಷದ ಮೊದಲಲ್ಲಿ ಸ್ಕೂಲಿನವರು ಎಲ್ಲ ಪೋಷಕರಿಗೂ ಎಚ್ಚರಿಕೆ ಕಳಿಸುತ್ತಿದ್ದದ್ದು.

"ಪೀನಟ್," ಎಂದ.

ಆ ಹೆಂಗಸು ಕೋಲನ್ನು ಮೇಜಿನ ಮೇಲಿಟ್ಟಳು. ಅವಳು ನಂಬಿದ್ದು ಮುಖದಲ್ಲೇ ತಿಳಿಯಿತು. ಬಗ್ಗಿ, ಅನನ್ಯಾಳ ಕಣ್ಣಿನ ಮಟ್ಟಕ್ಕೆ ಬಂದು, ನೀನು ಧೈರ್ಯದ ಹುಡುಗಿ ಎಂದಳು. ಒಳಗೆ ಅರ್ಧದಷ್ಟು ತಿಂಡಿಯನ್ನು ಕರಿಯುವುದು ಯಾವ ಎಣ್ಣೆಯಲ್ಲೋ ತನಗೆ ಗೊತ್ತಿಲ್ಲ, ಯಾವ ಅಂಗಡಿಯದನ್ನೂ ಮಗುವಿಗೆ ಕೊಡಬೇಡಿ ಎಂದು ಅವನಿಗೆ ಹೇಳಿದಳು. ಅಲರ್ಜಿ ಏರಿದರೆ ಚುಚ್ಚುವ ಇಂಜೆಕ್ಷನ್ ಜೊತೆಗಿದೆಯೇ ಎಂದು ಕೇಳಿದಳು. ಕಾರಿನಲ್ಲಿದೆ ಎಂದ. ಕಾರಿನಲ್ಲಿದ್ದರೆ ಏನು ಉಪಯೋಗ, ಹೋಗಿ ತನ್ನಿ, ಅಷ್ಟರಲ್ಲಿ ಫಸ್ಟ್ ಏಡ್‌ನವರಿಗೆ ತಿಳಿಸಿರುತ್ತೇನೆ ಎಂದು ವಾಕಿಟಾಕಿ ಕೈಗೆ ತೆಗೆದುಕೊಂಡಳು. ಇನ್ನೊಂದು ಕೈಯಿಂದ ಮೇಲಿನ ಡಬ್ಬಿಯ ಮುಚ್ಚಳ ಎತ್ತಿದಳು. ಹುರಿದ ಶೇಂಗಾದ ವಾಸನೆ ಸಾಲಿನಲ್ಲಿ ನಿಂತವರಿಗೂ ಬಂತು.

ಎಣ್ಣೆಗಾಯಿಯ ಹೊಟ್ಟೆಯಲ್ಲಿ ಶೇಂಗಾ. ಪಕ್ಕದ ಡಬ್ಬಿಯಲ್ಲಿ ಬರೀ ಶೇಂಗಾ. ಸೌತೆಕಾಯಿ ಕೋಸಂಬರಿಯ ಮೇಲೂ ಶೇಂಗಾ ಪುಡಿ. ಅಷ್ಟು ಡಬ್ಬಿಗಳಲ್ಲಿ ಶೇಂಗಾ ಇಲ್ಲದ್ದು ಚಪಾತಿ, ಮೊಸರನ್ನ ಎರಡೇ. ಇದೇನು ಎಂದು ಆ ಹೆಂಗಸು ಹುಬ್ಬು ಗಂಟಿಕ್ಕಿ ಕೇಳಿದಳು. ಮಸಾಲೆ ಎಂದ ಭೀಮಸೇನ.

ಅನನ್ಯಾ ಅವನ ಅಂಗಿ ಹಿಡಿದು ಎಳೆದಳು. ಅವನು ಬಗ್ಗಿದ.

"ಅಪ್ಪಾ," ಎಂದಳು ಮೆಲ್ಲಗೆ. "ಇದನ್ನ ಅಮ್ಮಂಗೆ ಹೇಳಬಾರ್ದಾ?"

ಕನ್ನಡದಲ್ಲಿ ಕೇಳಿದಳು. ಮನೆ ಒಡೆದ ಮೇಲೆ ಮಗಳ ಬಾಯಿಂದ ಅವನು ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿರಲಿಲ್ಲ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ, ಇಂಗ್ಲಿಷಿನಲ್ಲಿ ಉತ್ತರ ಬಂದಾಗ ಸುಳ್ಳೇ ಅರ್ಥವಾಗದವನಂತೆ ನಟಿಸಿ, ಹೇಗಾದರೂ ಅವಳ ಬಾಯಿಂದ ಹೊರಡಿಸಲು ಪ್ರಯತ್ನಿಸಿ ಸೋತಿದ್ದ. ಈಗ ಗೇಟಿನ ಹೆಂಗಸಿಗೆ ತಿಳಿಯಬಾರದೆಂದು ಅವಳಾಗಿಯೇ ಮಾತಾಡಿದ್ದಳು. ಗುಟ್ಟು ಕಾಪಾಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಕಲಿಸಿದವನು ಅವನೇ.

ಮೂವರೂ ಆಸ್ಟಿನ್‌ನಲ್ಲಿದ್ದಾಗ, ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚಿದ ಚಳಿಗಾಲದಲ್ಲಿ, ಅವನ ಕೆಲಸ ಹೋಗಿತ್ತು. ಅವನು ಮನೆಯಲ್ಲಿ ಹೇಳಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶ್ರಾವಣಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಟು, ಲೈಬ್ರರಿಯಲ್ಲಿ ಕೂತು ಬರುತ್ತಿದ್ದ. ಸ್ಕೂಲು ಬಿಟ್ಟ ಮೇಲೆ ಅನನ್ಯಾ ಸಂಜೆಯವರೆಗೆ ಡೇಕೇರ್‌ನಲ್ಲಿ ಇರಬೇಕಿತ್ತು. ಅವನು ಹೋಗಿ ಬೇಗ ಕರೆದುಕೊಂಡು ಬರಲು ಶುರು ಮಾಡಿದ. ಇಬ್ಬರೂ ನದಿಯ ದಂಡೆಯಲ್ಲಿ ಕೂತು ಅವನ ಡಬ್ಬಿಯ ಅನ್ನವನ್ನು ಹಂಚಿಕೊಂಡು ತಿನ್ನುತ್ತಿದ್ದರು, ಬಾತುಕೋಳಿಗಳನ್ನು ಅಟ್ಟುತ್ತಿದ್ದರು. ಅಮ್ಮಗ ಹೇಳಬ್ಯಾಡ ಎಂದಿದ್ದ. ಆರು ವರ್ಷದ ಹುಡುಗಿ ಇಡೀ ಚಳಿಗಾಲ ಹೇಳಲಿಲ್ಲ. ಶ್ರಾವಣಿಗೆ ಗೊತ್ತಾದದ್ದು ಡೇಕೇರ್‌ನ ಟೀಚರಿಂದ. ಕೆಲಸ ಹೋದದ್ದಕ್ಕೆ ಅವಳು ಜಗಳವಾಡಲಿಲ್ಲ. ಮಗುವಿನ ಕೈಲಿ ಸುಳ್ಳು ಹೇಳಿಸಿದೆಯಲ್ಲ ಎಂದಳು. ಮದುವೆ ಮುಗಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಅವಳು ಮತ್ತೆ ಮತ್ತೆ ಎತ್ತುತ್ತಿದ್ದದ್ದು ಇದೊಂದನ್ನೇ.

ಭೀಮಸೇನ ನೆಟ್ಟಗೆ ನಿಂತ. ವಾಕಿಟಾಕಿಯಲ್ಲಿ ಮಾತಾಡುತ್ತಿದ್ದ ಹೆಂಗಸಿಗೆ, ಮಗಳಿಗೆ ಯಾವ ಅಲರ್ಜಿಯೂ ಇಲ್ಲ, ಇದು ಮನೆಯಲ್ಲಿ ಮಾಡಿದ ಊಟ, ಒಳಗೆ ಒಯ್ಯಲು ಹಾಗೆ ಹೇಳಿದೆ ಎಂದ. ಸಾಲಿನಲ್ಲಿ ಹಿಂದಿದ್ದ ಯಾರೋ ನಕ್ಕರು. ಅವಳು ನಗಲಿಲ್ಲ, ಬೈಯಲೂ ಇಲ್ಲ. ವಾಕಿಟಾಕಿಯಲ್ಲಿ ಯಾರೂ ಬರುವುದು ಬೇಡ ಎಂದು ಹೇಳಿ, ಪಾರ್ಕಿಂಗ್ ಜಾಗದ ಆಚೆ ಮರಗಳ ಕೆಳಗೆ ಬೆಂಚುಗಳಿವೆ, ಅಲ್ಲಿ ಯಾರು ಬೇಕಾದರೂ ಊಟ ಮಾಡಬಹುದು, ಮುಗಿಸಿ ಬನ್ನಿ ಎಂದಳು. ಅಷ್ಟೇ. ಮುಂದಿನವರ ಬ್ಯಾಗಿಗೆ ಕೈ ಹಾಕಿದಳು.

ಬೆಂಚು ಬಿಸಿಯಾಗಿತ್ತು. ಊಟದ ಹೊತ್ತೂ ಆಗಿರಲಿಲ್ಲ. ಆದರೂ ಡಬ್ಬಿಗಳನ್ನು ಬಿಚ್ಚಿದ. ಅನನ್ಯಾ ಚಪಾತಿಯ ಒಂದು ತುಂಡನ್ನು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟು, ಖಾರ ಎಂದು ಬದನೆಕಾಯಿಯನ್ನು ಪಕ್ಕಕ್ಕೆ ಸರಿಸಿದಳು. ಚಟ್ನಿಪುಡಿಯನ್ನು ಮೊಸರನ್ನದ ಮೇಲೆ ಉದುರಿಸಿಕೊಂಡು ತಿಂದಳು. ಇನ್ನಷ್ಟು ಹಾಕಿಕೊಂಡಳು. ಅವನು ತಿನ್ನದೆ ನೋಡುತ್ತ ಕೂತ. ಕೈ ನೀಡಿ ಒಂದು ತುತ್ತು ಕೊಡಬೇಕೆನಿಸಿತು. ಅವಳು ಈಗ ತುತ್ತು ತಿನ್ನುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಂಥವು ಇತ್ತೀಚೆಗೆ ಬಹಳ ಇದ್ದವು: ಅವಳ ಶೂ ಸೈಜು, ಮಲಗುವಾಗ ದೀಪ ಇರಬೇಕೋ ಬೇಡವೋ, ಯಾರೊಂದಿಗೆ ಜಗಳ.

"ಅಮ್ಮಗ ಹೇಳವಾ," ಎಂದ. "ಗೇಟಿನಾಗ ಏನಾತು ಎಲ್ಲಾ ಹೇಳು."

"ಓಕೆ," ಎಂದಳು.

ಸಂಜೆ ಕೇಳಬೇಕೆಂದುಕೊಂಡಿದ್ದ. ಈಗಲೇ ಕೇಳಿದ. ಬೇಸಿಗೆಗೆ ಹ್ಯೂಸ್ಟನ್‌ಗೆ ಬರ್ತೀಯೇನು ಎಂದ. ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ. ಇಂಗ್ಲಿಷಿಗೆ ಮರಳಿ, ಈಗಿನ ನಿನ್ನ ಕೆಲಸ ನಿಜವಾದದ್ದಾ, ದಿನಾ ಆಫೀಸಿಗೇ ಹೋಗುತ್ತೀಯಾ ಎಂದು ಕೇಳಿದಳು. ಕುಟುಕುವ ದನಿಯಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು.

"ಹೌದವಾ. ಖರೇನ ಹೋಗ್ತೀನಿ."

ಹಾಗಾದರೆ ತಾನು ಏನು ಮಾಡುವುದು ಎಂದಳು. ಹೋದ ವರ್ಷ ಅವನು ಅವಳನ್ನು ಬೆಳಿಗ್ಗೆ ಸಮ್ಮರ್ ಕ್ಯಾಂಪಿನಲ್ಲಿ ಬಿಟ್ಟು ಸಂಜೆ ಕರೆತರುತ್ತಿದ್ದ. ಅಲ್ಲಿ ಅವಳಿಗೆ ಒಬ್ಬರೂ ಗುರುತಿರಲಿಲ್ಲ. ಅವಳು ಅತ್ತದ್ದು ಅಮ್ಮ ಬೇಕೆಂದು ಎಂದೇ ಅವನೂ ಶ್ರಾವಣಿಯೂ ತಿಳಿದಿದ್ದರು. ಅಲ್ಲವಂತೆ. ನಿನ್ನ ಜೊತೆ ಇರಲು ಬಂದೆ, ನೀನೇ ಇರಲಿಲ್ಲ ಎಂದಳು. ಆಮೇಲೆ, ಚಮಚದಿಂದ ಡಬ್ಬಿಯ ತಳ ಕೆರೆಯುತ್ತ, ನೀನು ಆಫೀಸಿಗೆ ಹೋಗದೆ ಇದ್ದಾಗಲೇ ಚೆನ್ನಾಗಿತ್ತು ಎಂದಳು.

ಭೀಮಸೇನ ಮುಖ ತಿರುಗಿಸಿ ಪಾರ್ಕಿಂಗ್ ಜಾಗದತ್ತ ನೋಡಿದ. ಆ ಚಳಿಗಾಲವನ್ನು ಅವನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಎರಡು ವರ್ಷದಿಂದ ಅದನ್ನು ತೊಳೆದುಹಾಕಲು ನೋಡುತ್ತಿದ್ದ: ಹೊತ್ತಿಗೆ ಸರಿಯಾಗಿ ಆಫೀಸು, ಹೊತ್ತಿಗೆ ಸರಿಯಾಗಿ ಫೋನು, ಕೋರ್ಟು ಹೇಳಿದಂತೆ ಎಲ್ಲ. ಅವಳಿಗೆ ಬೇಕಿದ್ದದ್ದು ಆ ಕೆಲಸವಿಲ್ಲದ ಅಪ್ಪ. ಅವನಿಗೂ ನದಿಯ ದಂಡೆಯ ಆ ಮಧ್ಯಾಹ್ನಗಳೇ ಬೇಕಿದ್ದವು. ಅಷ್ಟು ಹೆದರಿಕೆಯಲ್ಲೂ ಅವು ಅವನ ಒಳ್ಳೆಯ ದಿನಗಳಾಗಿದ್ದವು. ಹಾಗೆ ಹೇಳುವುದು ಸರಿಯಲ್ಲವೆಂದು ಹೇಳಿರಲಿಲ್ಲ.

ಇಡೀ ತಿಂಗಳು ರಜೆ ಹಾಕುತ್ತೇನೆ ಎಂದುಬಿಡಬಹುದಿತ್ತು. ಬಾಯಿಯವರೆಗೆ ಬಂತು. ಅವಳು ಒಪ್ಪುತ್ತಿದ್ದಳು, ಭಾನುವಾರ ಶ್ರಾವಣಿಗೆ ಹೇಳುತ್ತಿದ್ದಳು, ಜೂನಿನಲ್ಲಿ ಪೆಟ್ಟಿಗೆ ಹಿಡಿದು ಬರುತ್ತಿದ್ದಳು. ಬಂದ ಮೇಲೆ ಏನಾದರೂ ಮಾಡಬಹುದಿತ್ತು.

"ಒಂದು ವಾರ ರಜಾ ಉಳದದ," ಎಂದ. "ಅಷ್ಟ ಸಿಗೋದು. ಆ ವಾರ ಪೂರ್ತಿ ಮನ್ಯಾಗ ನಿನ್ನ ಜೋಡಿ ಇರ್ತೀನಿ. ಉಳಿದ ದಿನ ಕ್ಯಾಂಪ್‌ಗೇ ಹೋಗಬೇಕಾಗತದ."

ಅನನ್ಯಾ ಚಮಚವನ್ನು ಖಾಲಿ ಡಬ್ಬಿಯೊಳಗೆ ಇಟ್ಟಳು.

"ಹಾಗಾದ್ರೆ ವನ್ ವೀಕ್," ಎಂದಳು. "ಆಮೇಲೆ ಮನೆಗೆ."

ಮನೆ ಎಂದರೆ ಆಸ್ಟಿನ್. ಸರಿ ಎಂದ. ಬಾಟಲಿಯ ನೀರನ್ನು ಅವಳ ಕೈಮೇಲೆ ಹಾಕಿದ. ಅವಳು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೊದಲು ಯಾವ ರೈಡಿಗೆ ಹೋಗುವುದೆಂದು ಹೇಳತೊಡಗಿದಳು. ಆ ರೈಡುಗಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಡಬ್ಬಿಗಳನ್ನು ಕಾರಿನಲ್ಲಿಟ್ಟು ಬರುವುದರೊಳಗೆ ಅವಳು ಗೇಟಿನ ಸಾಲಿನಲ್ಲಿ ಹೋಗಿ ನಿಂತಿದ್ದಳು. ಅವನು ಹೋಗಿ ಅವಳ ಹಿಂದೆ ನಿಂತ.