ಸುಷ್ಮಿತಾಳ ಲಾಡಿ

ಜಯಕ್ಕ ಹೇಳಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಇವತ್ತು ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಮಗಳು ಸುಷ್ಮಿತಾಳನ್ನು ನನ್ನ ಕೈಗೆ ಒಪ್ಪಿಸಿ, "ಮೇಡಂ, ಎಲಾಸ್ಟಿಕ್ ಮ್ಯಾಲ ಒಂದು ಲಾಡೀನೂ ಬಿಗಿದೀನ್ರಿ. ಹೆಣ್ಣುಕೂಸು, ಹುಡುಗ್ರ ಮುಂದ ಪ್ಯಾಂಟು ಜಾರಿದ್ರ ಏನ್ ಗತಿ?" ಎಂದಳು. ಹತ್ತಿ ಬಿಡಿಸುವವರ ಆಟೊ ಅವಳಿಗಾಗಿ ಹಾರ್ನ್ ಹೊಡೆಯುತ್ತಿತ್ತು. ಹೂಂ ಎಂದುಬಿಟ್ಟೆ.

ಎಂಟು ವರ್ಷದ ಸುಷ್ಮಿತಾಳ ಎಡಗೈ ಮುಷ್ಟಿ ಹುಟ್ಟಿನಿಂದಲೂ ಬಿಚ್ಚುವುದಿಲ್ಲ. ಹೋದ ವಾರ ತರಗತಿಯಲ್ಲೇ ಒದ್ದೆ ಮಾಡಿಕೊಂಡಳು. ಮುಖ್ಯೋಪಾಧ್ಯಾಯಿನಿ ಹೇಮಾವತಿ ಟೀಚರ್, "ತಾಯಿ ದಿನಾ ಬಂದು ಕುಂದರ್ಲಿ, ಇಲ್ಲಾ ಕೂಸು ಮನ್ಯಾಗ ಇರ್ಲಿ" ಎಂದರು. ಕೂಲಿ ಬಿಟ್ಟು ಜಯಕ್ಕ ಎಲ್ಲಿ ಕೂರುತ್ತಾಳೆ?

ಕೌತಾಳಂ ಕಡೆಯ ನಮ್ಮ ಶಾಲೆಗೆ ಆದವಾನಿಯಿಂದ ಹದಿನೈದು ದಿನಕ್ಕೊಮ್ಮೆ ಬರುವ ಇಂಥ ಮಕ್ಕಳಿಗೆ ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಪ್ರತಿಮಾ ಮೇಡಂ ಒಂದು ವಾರದ ಗಡುವು ಕೇಳಿದರು. ಅಷ್ಟರೊಳಗೆ ಸುಷ್ಮಿತಾ ಯಾರ ಸಹಾಯವೂ ಇಲ್ಲದೆ ಶೌಚಾಲಯಕ್ಕೆ ಹೋಗಿಬರಬೇಕು. ಮೇಡಂ ಪ್ಯಾಂಟಿನ ಲಾಡಿ ತೆಗೆಸಿ ಎಲಾಸ್ಟಿಕ್ ಹಾಕಿಸಿದರು. ಸೊಂಟದ ಎರಡೂ ಬದಿಗೆ ಹೆಬ್ಬೆರಳು ತೂರುವಷ್ಟು ಬಟ್ಟೆಯ ಕುಣಿಕೆ ಹೊಲಿಸಿ, ಒಂದೇ ಕೈಯಲ್ಲಿ ಈ ಕಡೆಗೊಮ್ಮೆ, ಆ ಕಡೆಗೊಮ್ಮೆ ಜಗ್ಗುವುದನ್ನು ಕಲಿಸಿದರು.

ನನಗೂ ಪಾಠವಾಯಿತು. ಸಹಾಯಕಿಯಾಗಿ ಸೇರಿದ ದಿನದಿಂದ ಸುಷ್ಮಿತಾಳ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೆ. ಮಾತಾಡುವುದಕ್ಕಿಂತ ನನಗೆ ಅದು ಸುಲಭ. "ನಿನ್ ಕೈ ಹಿಂದಕ್ಕ ಕಟ್ಕೊಳ್ಳಮ್ಮ, ಬಾಯಿಲೇ ಹೇಳು" ಎಂದಿದ್ದರು ಮೇಡಂ.

ಇವತ್ತು ಗಡುವಿನ ಕೊನೆಯ ದಿನ. ಊಟದ ಗಂಟೆಯ ಹೊತ್ತಿಗೆ ಸುಷ್ಮಿತಾ ಎದ್ದು ಹೋಗಿ ಶೌಚಾಲಯದ ಬಾಗಿಲು ಮುಚ್ಚಿಕೊಂಡಳು. ನಾನು ಹೊರಗೆ. ಎದುರಿನ ಜಗಲಿಯಲ್ಲಿ ಹೇಮಾವತಿ ಟೀಚರ್, ಪಕ್ಕದಲ್ಲಿ ತಟ್ಟೆ ಹಿಡಿದ ಮಕ್ಕಳ ಸಾಲು.

"ಅಕ್ಕಾ, ಗಂಟು ಬಿಚ್ಚವಲ್ದು!"

ಚಿಲಕ ಹಾಕಿರಲಿಲ್ಲ. ದೂಡಿದರೆ ನನಗೆ ಅರೆ ನಿಮಿಷದ ಕೆಲಸ. ದೂಡಿದರೆ ಅವಳ ಶಾಲೆಯೂ ಅಲ್ಲಿಗೇ ಮುಗಿಯಿತು.

"ಅಕ್ಕಾ, ಬರಾಕತ್ತೈತಿ!"

"ಗಂಟು ಹಂಗ ಇರ್ಲಿ" ಎಂದೆ. ನನಗೇ ಕೇಳಿಸಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ಕೂಗಿದೆ: "ಗಂಟು ಹಂಗ ಇರ್ಲಿ ಸುಷ್ಮಿ! ಹೊಟ್ಟಿ ಒಳಗ ಎಳ್ಕೋ! ಕುಣಿಕ್ಯಾಗ ಹೆಬ್ಬೆಟ್ಟು ಹಾಕು! ಜಗ್ಗು! ಈಗ ಆ ಕಡಿ!"

ಸಾಲಿನಲ್ಲಿ ಕಿಸಕ್ಕನೆ ನಗು. "ಏಯ್, ಈ ಮೇಡಂಗೂ ಮಾತು ಬರ್ತಾವಲೇ!" ಎಂದ ಐದನೆಯ ತರಗತಿಯ ಉರುಕುಂದ.

ಒಳಗೆ ಏನೂ ಕೇಳುತ್ತಿಲ್ಲ. ಆಮೇಲೆ ನೀರು ಸುರಿದ ಸದ್ದು.

ಹೊರಬಂದವಳ ಪ್ಯಾಂಟು ಸೊಟ್ಟಗಿತ್ತು, ಒಂದು ಕಾಲಿನ ಮೇಲೆ ಅಂಗೈಯಗಲ ಒದ್ದೆ. ಹೇಮಾವತಿ ಟೀಚರ್ ಬಂದು ಆ ಒದ್ದೆಯನ್ನೇ ನೋಡಿದರು.

"ಲಾಡಿ ಯಾರು ಕಟ್ಟಿದ್ದು?"

"ಅವ್ವ."

"ಸರೇ. ನಿಮ್ಮವ್ವಗ ಹೇಳು, ಸಾಲಿಗೆ ಬಂದು ಕುಂದ್ರೂದು ಬ್ಯಾಡ. ಲಾಡೀನೂ ಬ್ಯಾಡ."

ಸುಷ್ಮಿತಾ ಸೀದಾ ನಲ್ಲಿಗೆ ಹೋಗಿ, ಬಲ ಅಂಗೈಯೊಡ್ಡಿ ಗಟಗಟ ನೀರು ಕುಡಿದಳು. ಶಾಲೆಯಲ್ಲಿ ಅವಳು ನೀರು ಕುಡಿದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಶೌಚಕ್ಕೆ ಹೋಗಬೇಕಾಗುತ್ತದೆಂದೇ ಕುಡಿಯುತ್ತಿರಲಿಲ್ಲ ಎಂದು ಈಗ ಹೊಳೆಯಿತು. ಇನ್ನೊಂದು ತಾಸಿಗೆ ಮತ್ತೆ ಹೋಗಬೇಕಾದೀತು ಎಂದು ನನಗೆ ಹೆದರಿಕೆಯಾಯಿತು. ಆದರೂ ಕುಡಿಯಲಿ ಎಂದು ಕೈ ಹಿಂದೆ ಕಟ್ಟಿಕೊಂಡೇ ನಿಂತೆ.