ಗೌರವ ವಂದನೆಗಿಂತ ಮೊದಲು

ಪೊಲೀಸ್ ಠಾಣೆಯಲ್ಲಿ ಕಾಯಿಲೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಜ್ವರ ಬಂದರೆ ಮಾತ್ರೆ ನುಂಗಿ ಡ್ಯೂಟಿಗೆ ಬರುತ್ತಾರೆ. ಸೊಂಟ ಹಿಡಿದರೆ ಬೆಲ್ಟನ್ನು ಇನ್ನೊಂದು ತೂತು ಬಿಗಿಯುತ್ತಾರೆ. ಹಾಗಾಗಿ ಮೀಸೆಯ ದನಿ ಒಡೆದಾಗ ಅದು ಯಾರ ತಲೆಗೂ ಹೋಗಲಿಲ್ಲ.

ಮೀಸೆ ಎಂದರೆ ಆ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಮುಖದ ತುಂಬ ಇದ್ದ ಮೀಸೆಯೇ ಅವನಿಗೆ ಹೆಸರಾಗಿತ್ತು. ಎಷ್ಟೇ ದೊಡ್ಡ ಗುಂಪಿರಲಿ, ಒಂದೇ ಕೂಗಿಗೆ ಹಿಂದೆ ಸರಿಸುತ್ತಿದ್ದ ಮನುಷ್ಯ. ಅಂಥ ದನಿ ನಾಲ್ಕು ತಿಂಗಳು ಗೊರಗೊರ ಎನ್ನುತ್ತಲೇ ಇತ್ತು.

“ಕೂಗಿ ಕೂಗಿ ಗಂಟಲು ಕಟ್ಟಿದೆ, ಬಿಡೋ,” ಎನ್ನುತ್ತಿದ್ದ ಅವನು.

“ಮನೇಲಿ ಕೂಗಾಡೋಕೆ ಸ್ವಲ್ಪ ಉಳಿಸ್ಕೋ,” ಎಂದು ರೈಟರ್ ನಗಾಡುತ್ತಿದ್ದ. ಡಾಕ್ಟರಿಗೆ ತೋರಿಸು ಎಂದು ಅವನು ಒಂದು ಸಲವೂ ಹೇಳಲಿಲ್ಲ.

ರೈಟರ್ ಎಂದರೆ ಠಾಣೆಯ ಬರವಣಿಗೆಯ ಕೆಲಸದವನು. ಯಾರಿಗೆ ಯಾವ ಡ್ಯೂಟಿ, ಯಾರಿಗೆ ಎಷ್ಟು ದಿನ ರಜೆ, ಎಲ್ಲ ಬರೆಯುವವನು ಅವನೇ. ಅವನೂ ಮೀಸೆಯೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಕ್ವಾರ್ಟರ್ಸ್‌ನ ಮೂರನೆಯ ಮಹಡಿಯಲ್ಲಿ ಇಬ್ಬರದೂ ಎದುರುಬದುರು ಮನೆ.

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದ ದಿನ ರೈಟರ್ ಆಸ್ಪತ್ರೆಗೆ ಓಡಿಹೋದ. ಬೆಂಚಿನ ಮೇಲೆ ಕೂತಿದ್ದ ಮೀಸೆಯ ಹೆಂಡತಿಗೆ, “ಏನಾದ್ರೂ ಬೇಕಾದ್ರೆ ಒಂದು ಫೋನ್ ಮಾಡಿ ಅತ್ತಿಗೆ, ಯಾವ ಹೊತ್ತಾದ್ರೂ ಸರಿ,” ಎಂದ. ಆಕೆ ತಲೆಯಾಡಿಸಿದಳು.

ಆಮೇಲೆ ಅವನು ಆ ಮನೆಯ ಬಾಗಿಲು ತಟ್ಟಲಿಲ್ಲ. ಮೊದಲ ವಾರ ಬಂದೋಬಸ್ತ್ ಇತ್ತು. ಎರಡನೆಯ ವಾರ ಮೇಲಧಿಕಾರಿಗಳ ತಪಾಸಣೆ ಬಂತು. ಮೂರನೆಯ ವಾರದ ಹೊತ್ತಿಗೆ ನೆಪವೂ ಬೇಕಾಗಲಿಲ್ಲ. ಮುಂದಿನ ಮೆಟ್ಟಿಲಲ್ಲಿ ಹತ್ತಿದರೆ ಆ ಬಾಗಿಲು ದಾಟಬೇಕು. ಹಾಗಾಗಿ ಹಿಂದಿನ ಮೆಟ್ಟಿಲಲ್ಲಿ, ಅಡುಗೆಮನೆಯ ಬಾಗಿಲಿನಿಂದ ಓಡಾಡತೊಡಗಿದ. ಉಳಿದವರೂ ಅಷ್ಟೇ. ಠಾಣೆಯಲ್ಲಿ ಮೀಸೆಯ ಮಾತು ಬಂದರೆ “ಪಾಪ” ಎಂದು ಲೊಚಗುಟ್ಟಿ ಟೀ ಕುಡಿಯುತ್ತಿದ್ದರು.

ಒಂದು ಬೆಳಿಗ್ಗೆ ವೈರ್‌ಲೆಸ್ ಅಕ್ಕ ರೈಟರನ ಮೇಜಿನ ಮುಂದೆ ನಿಂತಳು. ವೈರ್‌ಲೆಸ್ ಕೋಣೆಯಲ್ಲಿ ಕೆಲಸ ಮಾಡುವ ಆಕೆಯ ಗಂಡನೂ ಪೊಲೀಸ್ ಆಗಿದ್ದವನೇ. ಅವನು ಕ್ಯಾನ್ಸರಿನಲ್ಲಿ ತೀರಿಹೋದ ಮೇಲೆ ಅನುಕಂಪದ ಆಧಾರದಲ್ಲಿ ಆಕೆಗೆ ಈ ನೌಕರಿ ಬಂದಿತ್ತು.

“ಮೀಸೆಯಣ್ಣನ್ನ ನೋಡ್ಕೊಂಡು ಬಂದ್ರಾ, ರೈಟ್ರೇ?”

“ಹೋಗ್ಬೇಕು ಅಕ್ಕ. ಕೆಲಸ ನೋಡ್ತಿದ್ದೀರಲ್ಲ.”

“ಎದುರು ಮನೆ.”

ರೈಟರ್ ಪೆನ್ನು ಕೆಳಗಿಟ್ಟ. “ಹೋಗಿ ಏನ್ ಮಾಡ್ಲಿ? ನಾನೇನು ಡಾಕ್ಟ್ರಾ? ಮೀಸೆ ಎಲ್ಲ ಉದುರಿದೆಯಂತೆ. ಆ ಸ್ಥಿತೀಲಿ ನಾನು ನೋಡೋದು ಅವನಿಗೇ ಇಷ್ಟ ಆಗಲ್ಲ.”

“ಅವರನ್ನ ಕೇಳಿದ್ರಾ?”

“ಇಲ್ಲ. ನಮ್ಮನೇಲಿ ಇವಳೂ ಬೇಡ ಅಂತಾಳೆ. ಮಕ್ಕಳಿರೋ ಮನೆ, ಏನಾದ್ರೂ ಅಂಟಿಕೊಂಡ್ರೆ ಅಂತ.”

“ಕ್ಯಾನ್ಸರ್ ಅಂಟಲ್ಲ ರೈಟ್ರೇ. ಪಕ್ಕದಲ್ಲಿ ಕೂತ್ರೂ ಅಂಟಲ್ಲ, ಕೈ ಹಿಡ್ಕೊಂಡ್ರೂ ಅಂಟಲ್ಲ. ನಮ್ಮ ನೆಗಡಿ, ಜ್ವರ ಅವರಿಗೆ ಅಂಟಬಾರದು, ಅದು ಮುಖ್ಯ. ನೆಗಡಿ ಇದ್ದ ದಿನ ಹೋಗ್ಬೇಡಿ. ಇಲ್ಲದ ದಿನ ಕೈ ತೊಳ್ಕೊಂಡು ಹೋಗಿ.”

“ಬೇಕಾದ್ರೆ ಫೋನ್ ಮಾಡಿ ಅಂತ ಹೇಳಿದ್ದೀನಲ್ಲ ಅಕ್ಕ. ಅವರೇ ಮಾಡಿಲ್ಲ.”

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. “ನನಗೂ ನಲವತ್ತು ಜನ ಹಾಗೇ ಹೇಳಿದ್ರು. ಯಾರಿಗೆ ಅಂತ ಮಾಡ್ಲಿ, ಏನಂತ ಕೇಳ್ಲಿ? ಕೇಳೋಕೂ ತ್ರಾಣ ಬೇಕಲ್ವಾ? ಕ್ಯಾಂಟೀನಿನ ಅಡುಗೆಯವನು ಒಬ್ಬನೇ, ‘ಗುರುವಾರ ಆಸ್ಪತ್ರೇಲಿ ನಾನು ಕೂತಿರ್ತೀನಿ, ನೀವು ಮನೆಗೆ ಹೋಗಿ ಮಲಗಿ’ ಅಂದ. ಹೇಳಿದ ಹಾಗೇ ಬಂದ. ಆ ದಿನ ಮಾಡಿದ ನಿದ್ದೆ ಇನ್ನೂ ನೆನಪಿದೆ ನನಗೆ.”

“ಸರಿ, ಭಾನುವಾರ ಹೋಗ್ತೀನಿ,” ಎಂದ ರೈಟರ್, ಮಾತು ಮುಗಿದರೆ ಸಾಕು ಎನ್ನುವಂತೆ.

ಶುಕ್ರವಾರ ಮಧ್ಯಾಹ್ನ ಅವನ ಫೋನು ಅದುರಿತು. ಅತ್ತಿಗೆಯ ನಂಬರು. ಅವನು ನೋಡಿದ. ಫೋನನ್ನು ಬೋರಲು ಹಾಕಿ ರಿಜಿಸ್ಟರ್ ಬರೆಯುತ್ತ ಕೂತ. ಆಮೇಲೆ ಮಾಡಿದರಾಯಿತು ಎಂದುಕೊಂಡ. ಮರೆತೇನೂ ಹೋಗಲಿಲ್ಲ, ಆದರೂ ಮಾಡಲಿಲ್ಲ.

ಭಾನುವಾರ ಬಾಗಿಲು ತಟ್ಟಿದಾಗ ಅತ್ತಿಗೆ ಪಕ್ಕಕ್ಕೆ ಸರಿದಳು. ಕಿಟಕಿಯ ಬಳಿಯ ಮಂಚದಲ್ಲಿ ಮೀಸೆ ಒರಗಿದ್ದ. ಬೋಳಾದ ಮೇಲ್ದುಟಿ. ಕುತ್ತಿಗೆಗೆ ಬಟ್ಟೆ ಸುತ್ತಿತ್ತು. ಮಾತು ನಿಂತುಹೋಗಿ ಹದಿನೈದು ದಿನವಾಗಿತ್ತಂತೆ. ತೊಡೆಯ ಮೇಲಿದ್ದ ನೋಟ್‌ಬುಕ್ ಎಳೆದುಕೊಂಡು ನಿಧಾನವಾಗಿ ಬರೆದು ತೋರಿಸಿದ:

“ಹಿಂದಿನ ಮೆಟ್ಟಿಲಲ್ಲಿ ಓಡಾಡ್ತೀಯ. ಕಿಟಕಿಯಿಂದ ಕಾಣುತ್ತೆ.”

ರೈಟರ್ ತಲೆ ತಗ್ಗಿಸಿದ. ಮೀಸೆ ಅವನ ಮೊಣಕೈ ತಟ್ಟಿ ಇನ್ನೊಂದು ಸಾಲು ಬರೆದ: “ನನ್ನ ಜಾಗಕ್ಕೆ ಯಾರು ಬಂದಿದ್ದಾರೆ?”

ರೈಟರ್ ಹೇಳಿದ. ಹೊಸಬನಿಗೆ ನಾಯಿ ಕಂಡರೆ ಜೀವ ಹೋಗುತ್ತದೆ, ಬೀಟಿಗೆ ಹೋದವನು ಕಾಂಪೌಂಡ್ ಹತ್ತಿ ಕೂತು, ಅಲ್ಲಿಂದಲೇ ವೈರ್‌ಲೆಸ್‌ನಲ್ಲಿ ಸಹಾಯ ಕೇಳಿದ್ದ ಎಂದ. ಮೀಸೆ ಸದ್ದಿಲ್ಲದೆ ನಕ್ಕ, ಹೆಗಲು ಕುಲುಕಿತು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಯಾವ ದೊಡ್ಡ ಮಾತೂ ಬೇಕಾಗಿರಲಿಲ್ಲ. ಠಾಣೆಯ ಸುದ್ದಿ ಸಾಕಾಗಿತ್ತು. ಏಳುವಾಗ ನೋಡಿದರೆ ಅತ್ತಿಗೆ ಅಡುಗೆಮನೆಯ ಸ್ಟೂಲಿನ ಮೇಲೆ, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ಅವನ ಹೆಜ್ಜೆಯ ಸದ್ದಿಗೆ ಆಕೆಗೆ ಎಚ್ಚರವಾಯಿತು.

“ಶುಕ್ರವಾರ ಫೋನ್ ಮಾಡಿದ್ರಿ ಅತ್ತಿಗೆ.”

“ಹೌದು. ಬಾಯಲ್ಲಿ ರಕ್ತ ಬರ್ತಿತ್ತು. ಆಂಬುಲೆನ್ಸ್ ಕೆಳಗೆ ನಿಂತಿತ್ತು. ಮೂರು ಮಹಡಿ ಇಳಿಸೋಕೆ ಒಂದು ಕೈ ಬೇಕಿತ್ತು.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತಿರಲಿಲ್ಲ, ನಿದ್ದೆಗಣ್ಣು. “ನಾನೂ ಮಗಳೂ ಇಳಿಸಿದ್ವಿ. ಎರಡು ಸಲ ಕೈ ಜಾರ್ತು. ನಿನ್ನೆ ಸಂಜೆ ಮನೆಗೆ ಕಳಿಸಿದ್ರು.”

ಅಂದಿನಿಂದ ರೈಟರ್ ದಿನಾ ಹೋದ. ಸಿಕ್ಕಿದ್ದು ಹನ್ನೆರಡೇ ದಿನ.

ಮೀಸೆಯನ್ನು ಕಳಿಸಿಕೊಡುವ ದಿನ ಇಡೀ ಠಾಣೆ ಬಂತು. ಮೂರು ಜೀಪುಗಳು ಬಂದವು, ಹೂವಿನ ದೊಡ್ಡ ಚಕ್ರ ಬಂತು. ಇಸ್ತ್ರಿ ಮಾಡಿದ ಸಮವಸ್ತ್ರದವರು ಸಾಲಾಗಿ ನಿಂತು ಆಕಾಶಕ್ಕೆ ಗುಂಡು ಹಾರಿಸಿದರು. ದೊಡ್ಡ ಸಾಹೇಬರು ಅತ್ತಿಗೆಯ ಮುಂದೆ ನಿಂತು, “ಇಡೀ ಇಲಾಖೆ ನಿಮ್ಮ ಜೊತೆ ಇದೆಯಮ್ಮ,” ಎಂದರು.

“ಇಷ್ಟು ಜನ ಇದ್ದೀರಿ ಅಂತ ಇವತ್ತು ಗೊತ್ತಾಯ್ತು ಸಾರ್,” ಎಂದಳು ಆಕೆ. “ದಿನಕ್ಕೊಬ್ಬರು ಬಂದಿದ್ರೂ ಸಾಕಿತ್ತು. ಇವರು ಬಾಗಿಲ ಕಡೆ ಮುಖ ಮಾಡ್ಕೊಂಡೇ ಮಲಗ್ತಿದ್ರು.”

ಸಾಹೇಬರು ಟೋಪಿ ಸರಿಮಾಡಿಕೊಂಡರು.

ಮೀಸೆ ಹೋಗಿ ತಿಂಗಳು ತುಂಬುವ ಮೊದಲೇ, ಕ್ವಾರ್ಟರ್ಸ್ ಖಾಲಿ ಮಾಡಬೇಕೆಂಬ ನೋಟಿಸ್ ಬಂತು. ಅದನ್ನು ಕೊಟ್ಟು ಸಹಿ ಹಾಕಿಸಿಕೊಳ್ಳಬೇಕಾದವನು ರೈಟರ್. ಅವನು ಕಾಗದ ಹಿಡಿದು ವೈರ್‌ಲೆಸ್ ಕೋಣೆಗೆ ಹೋದ.

“ಕೊಟ್ಟು ಓಡಿ ಬರಬೇಡಿ,” ಎಂದಳು ಅಕ್ಕ. “ಮಗಳ ಪರೀಕ್ಷೆ ಮುಗಿಯೋವರೆಗೂ ಇರೋಕೆ ಅವಕಾಶ ಕೇಳಬಹುದು. ಪಿಂಚಣಿ, ಅನುಕಂಪದ ನೌಕರಿ, ಎಲ್ಲದಕ್ಕೂ ಅರ್ಜಿ ಹಾಕಬೇಕು, ಎಲ್ಲಕ್ಕೂ ಗಡುವಿದೆ. ಆ ಸಂಕಟದಲ್ಲಿ ಯಾರಿಗೆ ನೆನಪಿರುತ್ತೆ? ನನ್ನದೊಂದು ಗಡುವು ತಪ್ಪಿಹೋಗಿ ಎರಡು ವರ್ಷ ಅಲೆದೆ.”

ಅತ್ತಿಗೆ ನೋಟಿಸ್ ಓದಿ ಸಹಿ ಹಾಕಿ ವಾಪಸ್ ಕೊಟ್ಟಳು. “ಆಯ್ತಲ್ಲ. ಹೋಗಿ.”

“ಅರ್ಜಿ ಬರ್ಕೊಡ್ತೀನಿ ಅತ್ತಿಗೆ. ನನಗೆ ಬರೋದು ಅದೊಂದೇ.”

“ಬೇಡ. ಠಾಣೆಯವರ ಹಂಗು ನಮಗೆ ಬೇಡ.”

ರೈಟರ್ ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿದ: “ಆ ಶುಕ್ರವಾರ ನಿಮ್ಮ ಫೋನು ನೋಡಿದ್ದೆ. ಬೇಕಂತಲೇ ಎತ್ತಲಿಲ್ಲ. ತಪ್ಪಾಯ್ತು.”

ಒಳಗೆ ಮಗಳು ಪಾಠ ಓದುತ್ತಿದ್ದದ್ದು ನಿಂತಿತು.

“ಅರ್ಜಿ ಬರೀರಿ,” ಎಂದಳು ಆಕೆ. “ತಪ್ಪಾಯ್ತು ಅನ್ನೋದನ್ನ ನನ್ನ ಹತ್ರ ಹೇಳ್ಬೇಡಿ. ಅದನ್ನ ಕ್ಷಮಿಸೋಕೆ ನನಗೆ ಆಗಲ್ಲ.”

ಅವನು ಮೂರು ಅರ್ಜಿ ಬರೆದ. ತಾನೇ ಕಚೇರಿಗೆ ಒಯ್ದು, ರಸೀದಿ ತಂದುಕೊಟ್ಟ. ಪರೀಕ್ಷೆ ಮುಗಿಯುವವರೆಗೆ ಮನೆ ಉಳಿಯಿತು. ಆಕೆ ಒಳಗೆ ಬನ್ನಿ ಎನ್ನಲಿಲ್ಲ.

ಅರ್ಜಿ ಕೊಟ್ಟ ಮರುದಿನ ಬೆಳಗಿನ ಹಾಜರಿಯಲ್ಲಿ ಅವನು ಎಲ್ಲರ ಮುಂದೆ ಆ ಫೋನಿನ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಹಾಜರಿ ಮುಗಿದ ಮೇಲೆ ನಡುವಯಸ್ಸಿನ ಕಾನ್‌ಸ್ಟೇಬಲ್ ಒಬ್ಬ ಮೇಜಿನ ಬಳಿ ಬಂದು, “ಬಾಯಲ್ಲೊಂದು ಹುಣ್ಣಾಗಿದೆ ಸಾರ್, ತಿಂಗಳಾಯ್ತು,” ಎಂದು ಗೊಣಗಿದ. ರೈಟರ್ ಅಂದೇ ಅವನಿಗೆ ರಜೆ ಬರೆದು, ತಾನೂ ರಜೆ ಹಾಕಿ, ಆಸ್ಪತ್ರೆಗೆ ಕರೆದೊಯ್ದ. ಕ್ಯಾನ್ಸರೇ, ಆದರೆ ಬೇಗ ಬಂದಿದ್ದೀರಿ ಎಂದರು ಡಾಕ್ಟರು. ಈಗ ಪ್ರತಿ ಬುಧವಾರ ಚಿಕಿತ್ಸೆ. ಪ್ರತಿ ಬುಧವಾರವೂ ಠಾಣೆಯಿಂದ ಒಬ್ಬರು ಜೊತೆಗೆ ಹೋಗುತ್ತಾರೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ, ಬಾಯಿಯ ಹುಣ್ಣು ಮಾಯದಿದ್ದರೆ, ಮೈಯಲ್ಲಿ ಎಲ್ಲಾದರೂ ಗಂಟು ಕಂಡರೆ ಇವತ್ತೇ ಡಾಕ್ಟರಿಗೆ ತೋರಿಸಿ. ಖಾಕಿ ಹಾಕಿದವರೂ ಅಷ್ಟೇ, ಹಾಕದವರೂ ಅಷ್ಟೇ. ನಿಮ್ಮ ಬೀದಿಯಲ್ಲಿ, ನಿಮ್ಮ ಠಾಣೆಯಲ್ಲಿ ಕ್ಯಾನ್ಸರ್ ಬಂದ ಒಂದು ಮನೆಯಿದ್ದರೆ ದಿನ ಗೊತ್ತುಮಾಡಿಕೊಂಡು ಹೋಗಿ. ಸಾವಾದ ಮನೆಯಾದರೆ, ನೆಂಟರೆಲ್ಲ ಹೊರಟುಹೋದ ಮೇಲೆ ಹೋಗಿ, ಅರ್ಜಿಗಳನ್ನು ಓದಿ ಹೇಳಿ. ಏನು ಮಾತಾಡಬೇಕೆಂದು ಗೊತ್ತಾಗದಿದ್ದರೆ ಸುಮ್ಮನೆ ಕೂತಿರಿ. ಮುಂದಿನ ವಾರ ಮತ್ತೆ ಹೋಗಿ.